ನನ್ನ ವೋಟು ಸ್ಪ್ರಿಂಗ್‌ಫೀಲ್ಡಿಗೆ

ಬೆಂಗಳೂರಿನಲ್ಲಿ ಒಳ್ಳೆ ಮಸಾಲೆ ದೋಸೆ ಎಲ್ಲಿ ಸಿಗುತ್ತೆ ಅಂತ ಒಂದು ಮಾತು ಎತ್ತಿ ನೋಡಿ. ವಿದ್ಯಾರ್ಥಿ ಭವನದವರು ಒಂದು ಕಡೆ, ಸಿಟಿಆರ್‌ನವರು ಇನ್ನೊಂದು ಕಡೆ. ನಡುವೆ ದಾವಣಗೆರೆಯವನೊಬ್ಬ ಎದ್ದು, ನಮ್ಮೂರ ಬೆಣ್ಣೆ ದೋಸೆ ಮುಂದೆ ಇದೆಲ್ಲ ಏನೂ ಅಲ್ಲ ಅಂತಾನೆ. ಅಮೆರಿಕನ್ನರಿಗೂ ಇಂಥದ್ದೇ ಮುಗಿಯದ ಜಗಳ ಒಂದಿದೆ. ಅವರದ್ದು ಬಂದೂಕಿನ ಬಗ್ಗೆ. ಅಮೆರಿಕದ ಇತಿಹಾಸವನ್ನೂ ಸಂಸ್ಕೃತಿಯನ್ನೂ ಒಂದೇ ಒಂದು ಬಂದೂಕಿನಲ್ಲಿ ತೋರಿಸಬೇಕು ಅಂದರೆ ಯಾವುದನ್ನು ತೋರಿಸ್ತೀರಿ? ಕೆಂಟಕಿ ರೈಫಲ್ ಅಂತಾರೆ ಕೆಲವರು. ಕೋಲ್ಟ್ ರಿವಾಲ್ವರ್ ಅಂತಾರೆ ಹಲವರು. ಸಿನಿಮಾ ನೋಡಿ ಬೆಳೆದವರು ವಿಂಚೆಸ್ಟರ್ ಅಂತಾರೆ. ಈಗಿನ ಹುಡುಗರು, ಬೇಸರದಿಂದಲೋ ಹೆಮ್ಮೆಯಿಂದಲೋ, ಎಆರ್-15 ಅಂತಾರೆ.

ದೋಸೆ ಜಗಳದಲ್ಲಿ ಯಾರೂ ಸಾಯಲ್ಲ. ಇದು ಹಾಗಲ್ಲ. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ಬ್ರೂಯೆನ್’ ಎಂಬ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಬಂದೂಕನ್ನು ನಿಯಂತ್ರಿಸುವ ಯಾವುದೇ ಕಾನೂನು ನಿಲ್ಲಬೇಕಾದರೆ, ಅದು ದೇಶದ ಐತಿಹಾಸಿಕ ಪರಂಪರೆಗೆ ಹೊಂದಬೇಕು ಅಂತ. ಈ ಕಾನೂನಿನಿಂದ ಜೀವ ಉಳಿಯುತ್ತದೆಯೇ ಅನ್ನುವುದಕ್ಕಿಂತ, ನಮ್ಮ ಹಿರಿಯರು ಇಂಥದ್ದೊಂದು ಕಾನೂನು ಮಾಡಿದ್ದರೇ ಅನ್ನುವುದು ಮುಖ್ಯವಾಯಿತು. ಅಂದಿನಿಂದ ಅಲ್ಲಿನ ವಕೀಲರು ಹದಿನೆಂಟನೇ ಶತಮಾನದ ಕಡತಗಳ ಧೂಳು ಕೊಡವುತ್ತಿದ್ದಾರೆ. ನನ್ನ ಅಕ್ಕನ ಮಗಳು ಅಲ್ಲಿ ಮೂರನೇ ಕ್ಲಾಸು. ಅವಳ ಶಾಲೆಯಲ್ಲಿ ಫೈರ್ ಡ್ರಿಲ್ ಜೊತೆಗೆ ಇನ್ನೊಂದು ಡ್ರಿಲ್ಲೂ ಇದೆ: ದೀಪ ಆರಿಸಿ, ಬಾಗಿಲಿಂದ ದೂರ, ಮೂಲೆಯಲ್ಲಿ ಸದ್ದಿಲ್ಲದೆ ಕೂರುವುದು. ಆ ಮೂಲೆಗೂ ಈ ಹಳೇ ಕಡತಕ್ಕೂ ನೇರ ಸಂಬಂಧ ಇದೆ. ಹಾಗಾಗಿ ‘ಯಾವ ಬಂದೂಕು’ ಅನ್ನೋ ಪ್ರಶ್ನೆಯನ್ನ ಬರೀ ಹವ್ಯಾಸಿಗಳ ಹರಟೆ ಅಂತ ತಳ್ಳಿಹಾಕೋಕೆ ನನಗೆ ಆಗಲ್ಲ.

ನನ್ನ ಲೆಕ್ಕ ಸರಳ. ಯಾವುದೇ ಬಂದೂಕನ್ನು ಮುಂದಿಟ್ಟರೂ ಮೂರು ಪ್ರಶ್ನೆ ಕೇಳೋಣ. ಇದಕ್ಕೆ ದುಡ್ಡು ಹಾಕಿದವರು ಯಾರು? ಇದರ ಕಥೆ ಕಟ್ಟಿದವರು ಯಾರು? ಇದನ್ನು ಮುಟ್ಟಬಾರದು ಅಂತ ಯಾರಿಗೆ ಹೇಳಲಾಯಿತು?

ಕೆಂಟಕಿ ರೈಫಲ್‌ನಿಂದ ಶುರು ಮಾಡೋಣ. ಉದ್ದ ನಳಿಗೆ, ತೆಳ್ಳನೆ ಮೈ, ಮೇಪಲ್ ಮರದ ಹಿಡಿ, ನೋಡೋಕೆ ನಿಜಕ್ಕೂ ಚೆಂದ. ಕಥೆ ಏನಪ್ಪಾ ಅಂದರೆ, ಕಾಡಂಚಿನ ರೈತರು ಈ ಬಂದೂಕು ಹಿಡಿದು ಮರದ ಮರೆಯಿಂದ ಗುರಿಯಿಟ್ಟು ಬ್ರಿಟಿಷ್ ಸೈನ್ಯವನ್ನು ಓಡಿಸಿದರು ಅಂತ. ಮೊದಲನೆಯದಾಗಿ, ಅದು ಕೆಂಟಕಿಯದ್ದೇ ಅಲ್ಲ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಮುತ್ತ ಜರ್ಮನಿಯಿಂದ ವಲಸೆ ಬಂದ ಕುಶಲಕರ್ಮಿಗಳು ಮಾಡಿದ್ದು. ‘ಕೆಂಟಕಿ’ ಹೆಸರು ಮನೆಮಾತಾಗಿದ್ದು 1815ರ ನ್ಯೂ ಆರ್ಲಿಯನ್ಸ್ ಯುದ್ಧದ ನಂತರ ಹುಟ್ಟಿದ ಒಂದು ಜನಪ್ರಿಯ ಹಾಡಿನಿಂದ. ಆ ಯುದ್ಧದಲ್ಲೂ ಬ್ರಿಟಿಷರಿಗೆ ಹೆಚ್ಚು ಪೆಟ್ಟು ಕೊಟ್ಟಿದ್ದು ಫಿರಂಗಿಗಳು.

ಸ್ವಾತಂತ್ರ್ಯ ಯುದ್ಧದ ಕಥೆಯೂ ಹೆಚ್ಚುಕಡಿಮೆ ಅಷ್ಟೇ. ರೈಫಲ್‌ಗೆ ಮದ್ದು-ಗುಂಡು ತುಂಬೋಕೆ ತುಂಬಾ ಹೊತ್ತು ಬೇಕಿತ್ತು, ತುದಿಗೆ ಬಯೋನೆಟ್ ಸಿಕ್ಕಿಸೋಕೂ ಆಗುತ್ತಿರಲಿಲ್ಲ. ವಾಷಿಂಗ್ಟನ್ನನ ಬಹುಪಾಲು ಸೈನಿಕರ ಕೈಯಲ್ಲಿದ್ದದ್ದು ಸಾದಾ ನಳಿಗೆಯ ಮಸ್ಕೆಟ್. ಕೆಲವು ಬ್ರಿಟಿಷರಿಂದಲೇ ಸಿಕ್ಕಿದ್ದು, ಬಹಳಷ್ಟು ಫ್ರಾನ್ಸ್ ಕಳಿಸಿದ್ದು. ಕಳಿಸುವ ಗುಟ್ಟಿನ ವ್ಯವಹಾರ ನೋಡಿಕೊಂಡವನು ಬೋಮಾರ್ಷೆ. ಫಿಗರೋ ನಾಟಕಗಳನ್ನು ಬರೆದ ಅದೇ ನಾಟಕಕಾರ. ಒಂದು ಹೆಸರಿಗಷ್ಟೇ ಇದ್ದ ಕಂಪನಿ ತೆಗೆದು, ಅದರ ಮೂಲಕ ಫ್ರೆಂಚ್ ರಾಜನ ದುಡ್ಡಿನಲ್ಲಿ ಬಂದೂಕು, ಮದ್ದು ಸಾಗಿಸಿದ. ಅಂದರೆ ದುಡ್ಡು ಹಾಕಿದವರು ಯಾರು ಅನ್ನುವ ಪ್ರಶ್ನೆಗೆ ಮೊದಲ ಉತ್ತರವೇ ಪ್ಯಾರಿಸ್ಸಿನಲ್ಲಿದೆ.

ಇನ್ನು ಕೋಲ್ಟ್. ದೇವರು ಮನುಷ್ಯರನ್ನು ಮಾಡಿದ, ಸ್ಯಾಮ್ ಕೋಲ್ಟ್ ಅವರನ್ನು ಸಮ ಮಾಡಿದ ಅನ್ನೋ ಅರ್ಥದ ಗಾದೆಯೇ ಅಲ್ಲಿದೆ. ನಮ್ಮ ಸ್ಟಾರ್ಟಪ್ ಗೆಳೆಯರಿಗೆ ಈ ಕಥೆ ಇಷ್ಟ ಆಗುತ್ತೆ. 1836ರಲ್ಲಿ ಪೇಟೆಂಟ್ ಪಡೆದು ಪ್ಯಾಟರ್ಸನ್ ಎಂಬ ಊರಿನಲ್ಲಿ ಶುರು ಮಾಡಿದ ಕಂಪನಿ 1842ಕ್ಕೆ ಮುಳುಗಿತು. ಗಿರಾಕಿಗಳೇ ಇಲ್ಲ! ಮೇಲೆತ್ತಿದ್ದು ಮೆಕ್ಸಿಕೋ ಮೇಲಿನ ಯುದ್ಧ. ಸ್ಯಾಮುಯೆಲ್ ವಾಕರ್ ಎಂಬ ಸೇನಾಧಿಕಾರಿಯ ಮೂಲಕ ಸರ್ಕಾರ 1847ರಲ್ಲಿ ಸಾವಿರ ರಿವಾಲ್ವರ್ ಆರ್ಡರ್ ಮಾಡಿತು. ಆಗ ಕೋಲ್ಟ್ ಹತ್ತಿರ ಫ್ಯಾಕ್ಟರಿಯೂ ಇರಲಿಲ್ಲ, ಇನ್ನೊಬ್ಬರ ಕಾರ್ಖಾನೆಯಲ್ಲಿ ಮಾಡಿಸಿಕೊಟ್ಟ. ಒಂಟಿ ವೀರನ ಆಯುಧ ಅಂತ ಹೆಸರಾದದ್ದು ಬದುಕಿ ಉಳಿದಿದ್ದು ಸರ್ಕಾರಿ ಆರ್ಡರಿನಿಂದ.

ಆಮೇಲೆ ಕೋಲ್ಟ್ ಮಾಡಿದ್ದು ಶುದ್ಧ ಮಾರ್ಕೆಟಿಂಗ್. ಜಾರ್ಜ್ ಕ್ಯಾಟ್ಲಿನ್ ಎಂಬ ಪ್ರಸಿದ್ಧ ಕಲಾವಿದನಿಂದ ಚಿತ್ರ ಬರೆಸಿದ: ಕಾಡು, ಬಯಲು, ಬೇಟೆ, ಎಲ್ಲದರ ನಡುವೆ ಕೋಲ್ಟ್ ಬಂದೂಕು. ಆ ಚಿತ್ರಗಳನ್ನು ಅಚ್ಚು ಹಾಕಿಸಿ ಹಂಚಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ರಿವಾಲ್ವರ್‌ಗಳನ್ನು ಸಾಲಾಗಿ ಜೋಡಿಸಿಟ್ಟ. ಈಗಿನ ಇನ್‌ಫ್ಲುಯೆನ್ಸರ್‌ಗಳು ಹೊಸದೇನನ್ನೂ ಕಂಡುಹಿಡಿದಿಲ್ಲ ಅಂತ ಇದನ್ನು ಓದಿದಾಗೆಲ್ಲ ಅನ್ನಿಸುತ್ತೆ.

‘ಸಮ ಮಾಡಿದ’ ಅನ್ನುವ ಮಾತು ಸ್ವಲ್ಪ ನೋಡಿ. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮ ತನ್ನ ಸ್ವಾತಂತ್ರ್ಯ ಕೇಳಿಕೊಂಡು ಬಂದಾಗ ಸುಪ್ರೀಂ ಕೋರ್ಟ್, ಕಪ್ಪು ಜನ ಈ ದೇಶದ ಪ್ರಜೆಗಳೇ ಅಲ್ಲ ಅಂತ ತೀರ್ಪು ಬರೆಯಿತು. ಪ್ರಜೆಗಳು ಅಂತ ಒಪ್ಪಿದರೆ ಏನೇನು ಹಕ್ಕು ಕೊಡಬೇಕಾಗುತ್ತೆ ಅಂತ ಮುಖ್ಯ ನ್ಯಾಯಮೂರ್ತಿ ಟಾನಿ ಒಂದು ಪಟ್ಟಿ ಮಾಡಿದ. ಎಲ್ಲಿ ಹೋದರೂ ಆಯುಧ ಇಟ್ಟುಕೊಂಡು ಓಡಾಡುವ ಹಕ್ಕು ಆ ಪಟ್ಟಿಯಲ್ಲಿತ್ತು. ಅದನ್ನು ನೆನೆಸಿಕೊಂಡೇ ಬೆಚ್ಚಿದ ಧಾಟಿ ಅವನದು. ಕೋಲ್ಟ್ ಸಮ ಮಾಡಿದ್ದು ಮೊದಲೇ ಸಮ ಇದ್ದವರನ್ನು ಮಾತ್ರ.

ಕೌಬಾಯ್ ಸಿನಿಮಾಗಳು ಹೇಳದ ಇನ್ನೊಂದು ವಿಷಯ: ಆ ಕಾಲದ ಪಶ್ಚಿಮದ ಎಷ್ಟೋ ಊರುಗಳಲ್ಲಿ ಬಂದೂಕು ಹಿಡಿದು ಓಡಾಡುವಂತಿರಲಿಲ್ಲ. ಊರೊಳಗೆ ಬಂದ ಕೂಡಲೇ ಒಪ್ಪಿಸಿ, ಹೋಗುವಾಗ ತಗೊಂಡು ಹೋಗಬೇಕು. ಲೈಬ್ರರಿಯಲ್ಲಿ ಬ್ಯಾಗ್ ಇಟ್ಟು ಟೋಕನ್ ತಗೊಂಡ ಹಾಗೆ. 1881ರ ಅಕ್ಟೋಬರ್ 26ರಂದು ಟೂಂಬ್‌ಸ್ಟೋನ್ ಊರಿನಲ್ಲಿ ನಡೆದ ಆ ಪ್ರಖ್ಯಾತ ಓಕೆ ಕೊರಲ್ ಗುಂಡಿನ ಕಾಳಗ ಶುರುವಾಗಿದ್ದೇ ಈ ನಿಯಮದ ಮೇಲೆ. ಊರೊಳಗೆ ಬಂದೂಕು ಹೊತ್ತು ತಿರುಗುತ್ತಿದ್ದ ಕೌಬಾಯ್‌ಗಳಿಂದ ಅದನ್ನು ಕಿತ್ತುಕೊಳ್ಳಲು ಅರ್ಪ್ ಸೋದರರು ಹೋದರು. ಎಷ್ಟೋ ಸಿನಿಮಾಗಳಿಗೆ ಕಥೆ ಕೊಟ್ಟ ಘಟನೆಯ ಮೂಲದಲ್ಲಿ ಒಂದು ಪುರಸಭೆಯ ಕಾಯಿದೆ ಇದೆ! ‘ಐತಿಹಾಸಿಕ ಪರಂಪರೆ’ ಹುಡುಕುವ ನ್ಯಾಯಾಧೀಶರಿಗೆ ಇದೂ ಪರಂಪರೆಯೇ ಅಲ್ವಾ?

ಮೂರನೆಯದು ವಿಂಚೆಸ್ಟರ್. ಆಲಿವರ್ ವಿಂಚೆಸ್ಟರ್ ಮೂಲತಃ ಶರ್ಟ್ ಹೊಲಿಸಿ ಮಾರುತ್ತಿದ್ದವನು. ಅವನ ಕಂಪನಿಯ 1873ರ ಮಾದರಿಗೆ ‘ಪಶ್ಚಿಮವನ್ನು ಗೆದ್ದ ಬಂದೂಕು’ ಅನ್ನೋ ಬಿರುದು ಇದೆ. ಬಿರುದು ಬಂದಿದ್ದು ಯಾವಾಗ? ಮೊದಲನೇ ಮಹಾಯುದ್ಧ ಮುಗಿದ ಮೇಲೆ, ಕಂಪನಿಯ ಜಾಹೀರಾತಿನಲ್ಲಿ. ಅಷ್ಟೊತ್ತಿಗೆ ಗೆಲ್ಲುವುದಕ್ಕೆ ಪಶ್ಚಿಮದಲ್ಲಿ ಏನೂ ಉಳಿದಿರಲಿಲ್ಲ. 1870ರ ದಶಕದಲ್ಲಿ ಈ ಕಂಪನಿಯ ದೊಡ್ಡ ಗಿರಾಕಿಗಳಲ್ಲಿ ಒಬ್ಬ ಟರ್ಕಿಯ ಸುಲ್ತಾನ. 1877ರಲ್ಲಿ ಪ್ಲೆವ್ನಾದಲ್ಲಿ ರಷ್ಯಾದ ಸೈನ್ಯವನ್ನು ತಡೆದು ನಿಲ್ಲಿಸಿದ ತುರ್ಕರ ಕೈಯಲ್ಲಿ ವಿಂಚೆಸ್ಟರ್ ಇತ್ತು.

ಪಶ್ಚಿಮದ ವಿಷಯಕ್ಕೇ ಬಂದರೆ ಇನ್ನೂ ಸೋಜಿಗ. 1876ರ ಜೂನ್ 25, ಲಿಟಲ್ ಬಿಗ್‌ಹಾರ್ನ್. ಕಸ್ಟರ್ ಎಂಬ ಸೇನಾಧಿಕಾರಿಯ ಪಡೆಯನ್ನು ಲಕೋಟಾ, ಶೈಯೆನ್ ಯೋಧರು ಸಂಪೂರ್ಣ ನೆಲಕ್ಕೆ ಕೆಡವಿದರು. 1983ರಲ್ಲಿ ಆ ಬಯಲಿಗೆ ಬೆಂಕಿ ಬಿದ್ದು ಹುಲ್ಲೆಲ್ಲ ಸುಟ್ಟ ಮೇಲೆ ಪುರಾತತ್ವಜ್ಞರು ಲೋಹಶೋಧಕ ಹಿಡಿದು ನೆಲ ಜಾಲಾಡಿದರು. ಸಿಕ್ಕಿದ ಕಾಡತೂಸುಗಳು ಹೇಳಿದ ಕಥೆ ಇದು: ಒಂದಾದ ಮೇಲೊಂದು ಗುಂಡು ಹಾರಿಸುವ ಹೆನ್ರಿ, ವಿಂಚೆಸ್ಟರ್ ರೈಫಲ್‌ಗಳು ಇದ್ದದ್ದು ಮೂಲನಿವಾಸಿಗಳ ಹತ್ತಿರ. ಕಸ್ಟರ್‌ನ ಸೈನಿಕರ ಹತ್ತಿರ ಇದ್ದದ್ದು ಒಂದು ಸಲಕ್ಕೆ ಒಂದೇ ಗುಂಡಿನ ಸರ್ಕಾರಿ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನ್. ಪಶ್ಚಿಮವನ್ನು ಗೆದ್ದ ಬಂದೂಕು ಆವತ್ತು ಗೆದ್ದದ್ದು ಯಾರ ಪರವಾಗಿ ಅಂತ ಜಾಹೀರಾತಿನವರು ಹೇಳಲಿಲ್ಲ.

ವಿಂಚೆಸ್ಟರ್ ಬಗ್ಗೆ ನನಗೆ ಗೌರವ ಹುಟ್ಟಿಸುವ ಮಾತು ಬೇರೆ ಕಡೆಯಿಂದ ಬರುತ್ತೆ. 1892ರಲ್ಲಿ ಐಡಾ ಬಿ. ವೆಲ್ಸ್ ಎಂಬ ಕಪ್ಪು ಪತ್ರಕರ್ತೆ, ಗುಂಪುಹತ್ಯೆಗಳ ಲೆಕ್ಕ ಬರೆಯುತ್ತಿದ್ದವಳು, ಪ್ರತಿ ಕಪ್ಪು ಮನೆಯಲ್ಲೂ ವಿಂಚೆಸ್ಟರ್‌ಗೆ ಗೌರವದ ಜಾಗ ಇರಬೇಕು ಅನ್ನುವ ಅರ್ಥದ ಮಾತು ಬರೆದಳು. ಕಾನೂನು ಕೊಡದ ರಕ್ಷಣೆಯನ್ನು ಇದಾದರೂ ಕೊಡಲಿ ಅಂತ. ಬಂದೂಕು ಅಂದರೆ ಬರೀ ಕೇಡು ಅಂತ ಎಸಿ ರೂಮಿನಲ್ಲಿ ಕೂತು ಹೇಳುವಾಗ ನಾನು ಆಕೆಯನ್ನು ನೆನಪಿಸಿಕೊಳ್ಳುತ್ತೇನೆ.

ಎಆರ್-15 ವಿಷಯಕ್ಕೆ ಆಮೇಲೆ ಬರ್ತೀನಿ. ಈಗ ನನ್ನ ಅಭ್ಯರ್ಥಿ: ಸ್ಪ್ರಿಂಗ್‌ಫೀಲ್ಡ್ ಮಸ್ಕೆಟ್. ಯಾವ ಹೀರೋನೂ ಇದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾರಿನ ಬಾಗಿಲು ಒದ್ದಿಲ್ಲ. ಇದು ಸರ್ಕಾರಿ ಸಾಮಾನು.

ಮ್ಯಾಸಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1777ರಿಂದ ಶಸ್ತ್ರಾಗಾರ ಇತ್ತು. ಯುದ್ಧ ಮುಗಿದ ಮೇಲೆ ಆ ಭಾಗದ ರೈತರು ಸಾಲ, ತೆರಿಗೆಗಳಲ್ಲಿ ಮುಳುಗಿದರು. ಹೊಲಗಳು ಜಪ್ತಿಯಾದವು, ಜೈಲು ತುಂಬಿತು. ಅವರಲ್ಲಿ ಎಷ್ಟೋ ಜನ ಅದೇ ಸ್ವಾತಂತ್ರ್ಯಕ್ಕಾಗಿ ಹೋರಾಡಿದ್ದ ಸೈನಿಕರು. 1787ರ ಜನವರಿಯಲ್ಲಿ ಡೇನಿಯಲ್ ಶೇಸ್ ಎಂಬ ಮಾಜಿ ಕ್ಯಾಪ್ಟನ್ ಜೊತೆ ಅವರು ಈ ಶಸ್ತ್ರಾಗಾರ ಹಿಡಿಯಲು ಹೊರಟರು. ಕಾವಲಿದ್ದ ಪಡೆ ಫಿರಂಗಿ ಹಾರಿಸಿತು. ನಾಲ್ವರು ಸತ್ತರು, ಉಳಿದವರು ಚದುರಿದರು. ದೇಶದ ಪ್ರಮುಖರು ಬೆಚ್ಚಿಬಿದ್ದರು. ಕೇಂದ್ರ ಸರ್ಕಾರ ಗಟ್ಟಿಯಾಗಿರಬೇಕು ಅನ್ನುವ ವಾದಕ್ಕೆ ಬಲ ಬಂತು, ಅದೇ ವರ್ಷ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಸಭೆ ಸೇರಿತು. 1791ರಲ್ಲಿ ಬಂದ ಎರಡನೇ ತಿದ್ದುಪಡಿ, ಅಂದರೆ ಇವತ್ತಿನ ಎಲ್ಲ ಜಗಳದ ಮೂಲವಾದ ಆ ಒಂದು ವಾಕ್ಯ, ಇದೇ ಹಿನ್ನೆಲೆಯಲ್ಲಿ ಹುಟ್ಟಿದ್ದು. ಸರ್ಕಾರದ ವಿರುದ್ಧ ಬಂದೂಕು ಎತ್ತುವುದು ನಮ್ಮ ಸ್ಥಾಪಕರು ಕೊಟ್ಟ ಹಕ್ಕು ಅನ್ನುವವರು ಶೇಸ್‌ನ ಹಿಂಬಾಲಕರ ಮೇಲೆ ಫಿರಂಗಿ ಹಾರಿಸಿದ್ದನ್ನೂ ಆ ಸ್ಥಾಪಕರ ಲೆಕ್ಕಕ್ಕೇ ಹಾಕಬೇಕು.

ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರ ಕಾರ್ಖಾನೆಯಾಗಿ 1795ರಲ್ಲಿ ಮೊದಲ ಮಸ್ಕೆಟ್ ಹೊರತಂದಿತು. ಅದು ಫ್ರಾನ್ಸ್ ಕೊಟ್ಟಿದ್ದ ಶಾರ್ಲೆವಿಲ್ ಮಸ್ಕೆಟ್‌ನ ನಕಲು. ಮೊದಲ ‘ಅಪ್ಪಟ ಅಮೆರಿಕನ್’ ಬಂದೂಕು ಕಾಪಿ ಹೊಡೆದಿದ್ದು!

ಅಸಲಿ ಕಥೆ ಶುರುವಾಗುವುದು ಇಲ್ಲಿಂದ. ಆಗೆಲ್ಲ ಒಂದೊಂದು ಬಂದೂಕನ್ನೂ ಒಬ್ಬೊಬ್ಬ ಕಮ್ಮಾರ ಅರದಿಂದ ಉಜ್ಜಿ ಉಜ್ಜಿ ಜೋಡಿಸುತ್ತಿದ್ದ. ಇದರ ಸ್ಕ್ರೂ ಅದಕ್ಕೆ ಕೂರುತ್ತಿರಲಿಲ್ಲ. ಯುದ್ಧಭೂಮಿಯಲ್ಲಿ ಒಂದು ಸ್ಪ್ರಿಂಗ್ ಮುರಿದರೆ ಇಡೀ ಬಂದೂಕು ದಂಡ. ಎಲ್ಲ ಬಿಡಿಭಾಗಗಳೂ ಒಂದೇ ಅಳತೆಯಲ್ಲಿದ್ದರೆ? ಇವತ್ತು ನಾವು ಜೆಸಿ ರಸ್ತೆಗೆ ಹೋಗಿ ಗಾಡಿ ಮಾಡೆಲ್ ಹೇಳಿ ಸ್ಪೇರ್ ಪಾರ್ಟ್ ತಗೊಂಡು ಬರ್ತೀವಲ್ಲ, ಅದು ಆ ಕಾಲಕ್ಕೆ ಕನಸು. ಎಲಿ ವಿಟ್ನಿ 1798ರಲ್ಲಿ ಹತ್ತು ಸಾವಿರ ಮಸ್ಕೆಟ್‌ಗೆ ಸರ್ಕಾರದಿಂದ ಗುತ್ತಿಗೆ ಪಡೆದ. ಎರಡು ವರ್ಷದಲ್ಲಿ ಕೊಡ್ತೀನಿ ಅಂದವನು ಮುಗಿಸಿದ್ದು 1809ರಲ್ಲಿ. ನಡುವೆ 1801ರಲ್ಲಿ ಅಧ್ಯಕ್ಷ ಆಡಮ್ಸ್, ಮುಂದೆ ಅಧ್ಯಕ್ಷನಾಗಲಿದ್ದ ಜೆಫರ್ಸನ್ ಇವರ ಮುಂದೆ ಬಿಡಿಭಾಗಗಳನ್ನು ಬೆರೆಸಿ ಜೋಡಿಸಿ ತೋರಿಸಿದ. ಎಲ್ಲರೂ ದಂಗು. ಎಷ್ಟೋ ಕಾಲದ ನಂತರ ತಜ್ಞರು ಉಳಿದಿದ್ದ ವಿಟ್ನಿ ಮಸ್ಕೆಟ್‌ಗಳನ್ನು ಬಿಚ್ಚಿ ನೋಡಿದರೆ, ಒಂದರ ಭಾಗ ಇನ್ನೊಂದಕ್ಕೆ ಕೂರುತ್ತಲೇ ಇರಲಿಲ್ಲ. ಇನ್ವೆಸ್ಟರ್ ಮುಂದೆ ಡೆಮೊ ಓಡಿತು, ಪ್ರಾಡಕ್ಟ್ ರೆಡಿ ಇರಲಿಲ್ಲ. ನಮಗೇನೂ ಹೊಸದಲ್ಲ ಬಿಡಿ.

ನಿಜವಾದ ಕೆಲಸ ಮಾಡಿದವರ ಹೆಸರು ನಮ್ಮ ಸ್ಕೂಲ್ ಪುಸ್ತಕದಲ್ಲಿರಲಿಲ್ಲ. ಸರ್ಕಾರದ ಇನ್ನೊಂದು ಕಾರ್ಖಾನೆ ಹಾರ್ಪರ್ಸ್ ಫೆರಿಯಲ್ಲಿ ಜಾನ್ ಹಾಲ್ 1820ರ ದಶಕದಲ್ಲಿ ಅದಲುಬದಲು ಮಾಡಬಹುದಾದ ಭಾಗಗಳ ರೈಫಲ್ ಮಾಡಿ ತೋರಿಸಿದ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಥಾಮಸ್ ಬ್ಲಾಂಚರ್ಡ್ ಒಂದು ಕಡೆತದ ಯಂತ್ರ ತಂದ. ರಸ್ತೆ ಬದಿ ಡೂಪ್ಲಿಕೇಟ್ ಕೀ ಮಾಡುವವನನ್ನು ನೋಡಿದ್ದೀರಲ್ಲ? ಒಂದು ಕಡೆ ನಿಮ್ಮ ಕೀ, ಇನ್ನೊಂದು ಕಡೆ ಖಾಲಿ ಕೀ. ಇದರ ಏರಿಳಿತ ಅದಕ್ಕೆ ಇಳಿಯುತ್ತೆ. ಬ್ಲಾಂಚರ್ಡ್ ಅದೇ ತತ್ವದಲ್ಲಿ ಬಂದೂಕಿನ ಮರದ ಹಿಡಿ ಕೆತ್ತಿದ. ಅದೇ ಯಂತ್ರ ಆಮೇಲೆ ಚಪ್ಪಲಿ ಅಚ್ಚು, ಕೊಡಲಿ ಕಾವು ಎಲ್ಲವನ್ನೂ ಕೆತ್ತಿತು. 1842ರ ಮಾದರಿಯ ಮಸ್ಕೆಟ್ ಬರುವ ಹೊತ್ತಿಗೆ, ಎರಡೂ ಸರ್ಕಾರಿ ಕಾರ್ಖಾನೆಗಳಲ್ಲಿ ಮಾಡಿದ ಬಂದೂಕುಗಳ ಭಾಗಗಳು ಒಂದಕ್ಕೊಂದು ಸರಿಯಾಗಿ ಕೂತವು. ಸುಮಾರು ನಲವತ್ತು ವರ್ಷ ಲಾಭ ಕೇಳದೆ ದುಡ್ಡು ಸುರಿದದ್ದು ಸರ್ಕಾರ. ಯಾವ ಹೂಡಿಕೆದಾರ ಅಷ್ಟು ವರ್ಷ ಕಾಯ್ತಾನೆ ಹೇಳಿ?

ಬ್ರಿಟಿಷರು 1850ರ ದಶಕದಲ್ಲಿ ತಂಡ ಕಳಿಸಿ ಇದನ್ನೆಲ್ಲ ನೋಡಿ, ತಮ್ಮ ಎನ್‌ಫೀಲ್ಡ್ ಕಾರ್ಖಾನೆಗೆ ಅಮೆರಿಕದ ಯಂತ್ರ ತರಿಸಿಕೊಂಡರು. ಸ್ಪ್ರಿಂಗ್‌ಫೀಲ್ಡ್ ಸುತ್ತಮುತ್ತ ಪಳಗಿದ ಕೈಗಳು ಹೊಲಿಗೆ ಯಂತ್ರ, ಸೈಕಲ್, ಕಾರು ಹೀಗೆ ಹರಡಿಕೊಂಡವು. ಅಂತರ್ಯುದ್ಧದ ಕಾಲದಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕೆಲಸ ಮಾಡಿದ ಹೆನ್ರಿ ಲೀಲಂಡ್ ಎಂಬ ಹುಡುಗ ಮುಂದೆ ಕ್ಯಾಡಿಲ್ಯಾಕ್ ಕಂಪನಿ ಕಟ್ಟಿದ. 1908ರಲ್ಲಿ ಇಂಗ್ಲೆಂಡಿನಲ್ಲಿ ಮೂರು ಕ್ಯಾಡಿಲ್ಯಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ, ಭಾಗಗಳನ್ನು ಕಲಸಿ, ಮತ್ತೆ ಮೂರು ಕಾರು ಜೋಡಿಸಿ 500 ಮೈಲಿ ಓಡಿಸಿದರು. ವಿಟ್ನಿಯ ಡೆಮೊ ನೂರು ವರ್ಷದ ಮೇಲೆ ನಿಜವಾಯಿತು.

ಇನ್ನೂ ಹತ್ತಿರದ ಉದಾಹರಣೆ ನಿಮ್ಮ ಬೆರಳ ಕೆಳಗೇ ಇದೆ. ಅಂತರ್ಯುದ್ಧ ಮುಗಿದು ಆರ್ಡರ್ ನಿಂತಾಗ ನ್ಯೂಯಾರ್ಕ್ ರಾಜ್ಯದ ಇಲಿಯನ್ ಎಂಬ ಊರಿನ ಬಂದೂಕು ಕಂಪನಿ ರೆಮಿಂಗ್ಟನ್ ಬೇರೆ ಏನು ಮಾಡೋಣ ಅಂತ ಹುಡುಕಿತು. ಹೊಲಿಗೆ ಯಂತ್ರ ಮಾಡಿತು. 1873ರಲ್ಲಿ ಶೋಲ್ಸ್ ಎಂಬಾತನ ಟೈಪ್‌ರೈಟರ್ ತಯಾರಿಸುವ ಒಪ್ಪಂದ ಮಾಡಿಕೊಂಡಿತು. ಮೊದಲ ಯಂತ್ರಗಳು ಹೊಲಿಗೆ ಯಂತ್ರದ ಹಾಗೇ ಹೂಬಳ್ಳಿ ಚಿತ್ತಾರ ಹೊತ್ತು ಬಂದವು. ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ ಅನ್ನುವ ಅಕ್ಷರಗಳ ಸಾಲು ಲೋಕವೆಲ್ಲ ಹರಡಿದ್ದು ಆ ಯಂತ್ರದಿಂದ. ನಮ್ಮ ಅಪ್ಪ-ಅಮ್ಮನ ಕಾಲದಲ್ಲಿ ಊರೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಲ್ಲಿ ಲೋಯರ್, ಹೈಯರ್ ಪರೀಕ್ಷೆಗೆ ಟಕಟಕ ಅಂತಿದ್ದ ರೆಮಿಂಗ್ಟನ್‌ಗಳ ಮನೆತನ ಇದು. ಈ ಲೇಖನವನ್ನು ಕನ್ನಡದಲ್ಲಿ ಟೈಪ್ ಮಾಡುತ್ತಿರುವ ನನ್ನ ಕೀಬೋರ್ಡಿನಲ್ಲೂ ಆ ಸಾಲು ಹಾಗೇ ಇದೆ.

ಹಾಗಂತ ಸ್ಪ್ರಿಂಗ್‌ಫೀಲ್ಡ್ ಬರೀ ಯಂತ್ರದ ಕಥೆಯಲ್ಲ. 1859ರ ಅಕ್ಟೋಬರ್‌ನಲ್ಲಿ ಜಾನ್ ಬ್ರೌನ್ ಎಂಬಾತ, ಗುಲಾಮರ ಕೈಗೆ ಆಯುಧ ಕೊಟ್ಟು ಬಿಡುಗಡೆ ಮಾಡಿಸಲು, ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ನುಗ್ಗಿದ. ಅವನನ್ನು ಹಿಡಿದ ಪಡೆಯ ನಾಯಕ ಕರ್ನಲ್ ರಾಬರ್ಟ್ ಲೀ. ಬ್ರೌನ್‌ನನ್ನು ನೇಣಿಗೆ ಹಾಕಿದರು. ಒಂದೂವರೆ ವರ್ಷದಲ್ಲಿ ಅದೇ ಲೀ ಸರ್ಕಾರದ ವಿರುದ್ಧವೇ ಯುದ್ಧಕ್ಕೆ ನಿಂತ. ದಕ್ಷಿಣದವರು ಹಾರ್ಪರ್ಸ್ ಫೆರಿಯ ಯಂತ್ರಗಳನ್ನು ಹೊತ್ತೊಯ್ದರು. ಉತ್ತರಕ್ಕೆ ಸ್ಪ್ರಿಂಗ್‌ಫೀಲ್ಡ್ ಉಳಿಯಿತು. 1861ರ ಮಾದರಿಯ ರೈಫಲ್-ಮಸ್ಕೆಟ್ ಉತ್ತರದ ಪದಾತಿಯ ಮುಖ್ಯ ಆಯುಧವಾಯಿತು. 1864ರಲ್ಲಿ ಅಲ್ಲಿ ಒಂದೇ ವರ್ಷಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ಬಂದೂಕು ತಯಾರಾದವು.

ಸುಮಾರು 1,80,000 ಕಪ್ಪು ಸೈನಿಕರು ಆ ಯುದ್ಧದಲ್ಲಿ ಉತ್ತರದ ಪರ ಹೋರಾಡಿದರು. ಅವರಲ್ಲಿ ಎಷ್ಟೋ ಜನ ಸ್ಪ್ರಿಂಗ್‌ಫೀಲ್ಡ್ ಹಿಡಿದಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ಊರೂರು ಸುತ್ತಿ ಸೈನ್ಯ ಸೇರಿ ಅಂತ ಕರೆದ. ಹೆಗಲ ಮೇಲೆ ಮಸ್ಕೆಟ್ ಹೊತ್ತವನಿಗೆ ಪೌರತ್ವ ಇಲ್ಲ ಅನ್ನೋಕೆ ಯಾರಿಗೂ ಆಗದು ಅನ್ನುವುದು ಅವನ ವಾದದ ತಿರುಳು. ಟಾನಿ ಹೆದರಿದ್ದು ಇದಕ್ಕೇ. ಯುದ್ಧ ಮುಗಿದ ಅದೇ ವರ್ಷ, 1865ರಲ್ಲಿ, ಮಿಸಿಸಿಪ್ಪಿ ರಾಜ್ಯ ಬಿಡುಗಡೆಯಾದ ಕಪ್ಪು ಜನ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ ಅಂತ ಕಾನೂನು ಮಾಡಿತು. ಈ ಎಳೆ ಅಲ್ಲಿಗೇ ಮುಗಿಯಲಿಲ್ಲ. 1890ರ ಡಿಸೆಂಬರ್‌ನಲ್ಲಿ ವೂಂಡೆಡ್ ನೀ ಎಂಬಲ್ಲಿ ಸೈನ್ಯ ಲಕೋಟಾ ಜನರಿಂದ ಬಂದೂಕು ಕಿತ್ತುಕೊಳ್ಳಲು ಹೋಗಿ ಹೆಂಗಸರು, ಮಕ್ಕಳು ಸೇರಿ ನೂರೈವತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. 1967ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಂದೂಕು ಹಿಡಿದು ಕ್ಯಾಲಿಫೋರ್ನಿಯಾದ ವಿಧಾನಸಭೆಗೆ ಬಂದ ಮೇಲೆ, ತುಂಬಿದ ಬಂದೂಕು ಹೊತ್ತು ಓಡಾಡುವುದನ್ನು ನಿಷೇಧಿಸುವ ಕಾನೂನಿಗೆ ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದ. ನನ್ನ ಮೂರನೇ ಪ್ರಶ್ನೆಗೆ ಉತ್ತರ ಈ ಪಟ್ಟಿಯಲ್ಲಿದೆ.

‘ಸರಿ ಮಾರಾಯಾ, ಇದು ಸೈನ್ಯದ ಬಂದೂಕು. ಸಂಸ್ಕೃತಿ ಅಂದ್ರೆ ಮನೆಮನೆಯಲ್ಲಿ ಇರಬೇಕು’ ಅಂತ ನೀವು ಹೇಳಬಹುದು. ಒಪ್ಪುವ ಮಾತು. ಆದರೆ 1865ರಲ್ಲಿ ಸೈನ್ಯದಿಂದ ಮನೆಗೆ ಹೊರಟ ಸೈನಿಕರಿಗೆ ಸರ್ಕಾರ ಒಂದು ಆಫರ್ ಕೊಟ್ಟಿತು: ಆರು ಡಾಲರ್ ಕೊಟ್ಟು ನಿಮ್ಮ ಮಸ್ಕೆಟ್ ಮನೆಗೆ ಒಯ್ಯಿರಿ. ಎಷ್ಟೋ ಜನ ಒಯ್ದರು. ಬಿಡಾರದ ಬಂದೂಕು ಮನೆಯ ಗೋಡೆಗೆ ಬಂತು. ಅಲ್ಲಿನ ಎಷ್ಟೋ ಮನೆಗಳಲ್ಲಿ ‘ತಾತನ ಬಂದೂಕು’ ಆಗಿ ಕೂತದ್ದು ಸರ್ಕಾರಿ ಕಾರ್ಖಾನೆಯ ಮಾಲು.

ಈಗ ಎಆರ್-15. ಎಆರ್ ಅಂದರೆ ಆರ್ಮಲೈಟ್ ರೈಫಲ್, ಯೂಜೀನ್ ಸ್ಟೋನರ್ ಎಂಬ ಎಂಜಿನಿಯರ್‌ನ ವಿನ್ಯಾಸ. 1959ರಲ್ಲಿ ಕೋಲ್ಟ್ ಕಂಪನಿ ಇದರ ಹಕ್ಕು ಕೊಂಡಿತು. ಸೈನ್ಯಕ್ಕೆ ಹೋದಾಗ ಇದು ಎಂ-16 ಆಯಿತು. ವಿಯೆಟ್ನಾಂ ಯುದ್ಧದಲ್ಲಿ ಇದರ ಎದುರು ಸೋತಿದ್ದು ಸ್ಪ್ರಿಂಗ್‌ಫೀಲ್ಡ್ ರೂಪಿಸಿದ್ದ ಎಂ-14. ರಕ್ಷಣಾ ಕಾರ್ಯದರ್ಶಿ ಮ್ಯಾಕ್‌ನಮಾರಾ ತೆಗೆದುಕೊಂಡ ನಿರ್ಧಾರದಂತೆ 1968ರಲ್ಲಿ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಗೇ ಬೀಗ ಬಿತ್ತು. ಸರ್ಕಾರ ಬಂದೂಕು ಮಾಡುವುದನ್ನು ಬಿಟ್ಟಿತು, ಮಾರುಕಟ್ಟೆ ಮುಂದುವರಿಸಿತು. ಇವತ್ತು ‘ಸ್ಪ್ರಿಂಗ್‌ಫೀಲ್ಡ್ ಆರ್ಮರಿ’ ಅನ್ನುವುದು ಇಲಿನಾಯ್ ರಾಜ್ಯದ ಒಂದು ಖಾಸಗಿ ಕಂಪನಿಯ ಬ್ರ್ಯಾಂಡ್. ಹಳೆಯ ಕಾರ್ಖಾನೆಗೂ ಅದಕ್ಕೂ ಸಂಬಂಧ ಹೆಸರಿನಲ್ಲಷ್ಟೇ.

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ಸಿಬ್ಬಂದಿ ಎಆರ್-15 ಮಾದರಿಯ ಬಂದೂಕಿಗೆ ಬಲಿಯಾದರು. ಕೋಲ್ಟ್, ವಿಂಚೆಸ್ಟರ್ ಎರಡೂ ಬೆಳೆದ ರಾಜ್ಯ ಅದು. ಬಂದೂಕಿನ ದುರ್ಬಳಕೆಗೆ ತಯಾರಕರ ಮೇಲೆ ಮೊಕದ್ದಮೆ ಹೂಡದಂತೆ 2005ರಲ್ಲಿ ಸಂಸತ್ತು ಕಾನೂನಿನ ರಕ್ಷಣೆ ಕೊಟ್ಟಿತ್ತು. ಆದರೆ ತಂದೆತಾಯಂದಿರು ಒಂದು ಕಿಂಡಿ ಹುಡುಕಿದರು: ಜಾಹೀರಾತು. ಗಂಡಸುತನದ ಆಸೆ ತೋರಿಸಿ ಯುದ್ಧದ ಆಯುಧವನ್ನು ಹುಡುಗರಿಗೆ ಮಾರಿದಿರಿ ಅಂತ ರಾಜ್ಯದ ವ್ಯಾಪಾರ ಕಾನೂನಿನ ಅಡಿ ದಾವೆ ಹಾಕಿದರು. 2022ರಲ್ಲಿ 7.3 ಕೋಟಿ ಡಾಲರ್‌ಗೆ ರಾಜಿಯಾಯಿತು. ಕಂಪನಿ ದಿವಾಳಿ, ದುಡ್ಡು ಕೊಟ್ಟದ್ದು ಅದರ ವಿಮೆಯವರು. ಕಂಪನಿಯ ಹೆಸರು ರೆಮಿಂಗ್ಟನ್. ಹೌದು, ಟೈಪ್‌ರೈಟರ್ ಮಾಡಿದ ಅದೇ ರೆಮಿಂಗ್ಟನ್. ಇಲಿಯನ್ ಊರಿನ ಆ ಹಳೇ ಕಾರ್ಖಾನೆ 2024ರಲ್ಲಿ ಮುಚ್ಚಿತು.

ಕಥೆ ಕಟ್ಟುವುದು ಒಂದೇ ಕಡೆಯವರ ಕೆಲಸವೂ ಅಲ್ಲ. 2000ರಲ್ಲಿ ಮೈಕೆಲ್ ಬೆಲ್ಲಿಸೈಲ್ಸ್ ಎಂಬ ಇತಿಹಾಸಕಾರ, ಆರಂಭದ ಅಮೆರಿಕದಲ್ಲಿ ಬಂದೂಕುಗಳೇ ಕಡಿಮೆ ಇದ್ದವು ಅಂತ ಪುಸ್ತಕ ಬರೆದ. ಬಂದೂಕು ನಿಯಂತ್ರಣದ ಪರ ಇದ್ದವರಿಗೆ ಹಬ್ಬ. ದೊಡ್ಡ ಪ್ರಶಸ್ತಿಯೂ ಬಂತು. ಬೇರೆಯವರು ಉಯಿಲು, ಆಸ್ತಿ ದಾಖಲೆಗಳನ್ನು ತೆಗೆದು ನೋಡಿದಾಗ ಅವನ ಲೆಕ್ಕ ತಾಳೆಯಾಗಲಿಲ್ಲ. ವಿಶ್ವವಿದ್ಯಾಲಯದ ತನಿಖೆ ನಡೆಯಿತು, ಅವನು ರಾಜೀನಾಮೆ ಕೊಟ್ಟ, 2002ರಲ್ಲಿ ಪ್ರಶಸ್ತಿ ವಾಪಸ್ ಪಡೆದರು. ನಮಗೆ ಬೇಕಾದ ಹಾಗೆ ಇತಿಹಾಸ ಹೊಲಿದರೆ, ಹೊಲಿಗೆ ಬಿಚ್ಚಿದ ದಿನ ಎದುರಿನವರಿಗೆ ಇನ್ನಷ್ಟು ಬಲ ಬರುತ್ತೆ.

ಬಾಸ್ಟನ್‌ಗೆ ಆನ್‌ಸೈಟ್ ಹೋಗಿದ್ದಾಗ ಒಂದು ಶನಿವಾರ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿದ್ದೆ, ಒಂದೂವರೆ ಗಂಟೆ ದಾರಿ. ಈಗ ಅದು ರಾಷ್ಟ್ರೀಯ ಸ್ಮಾರಕ. ಒಳಗೆ ನೂರಾರು ಬಂದೂಕುಗಳನ್ನು ನೆಟ್ಟಗೆ, ಸಾಲುಸಾಲಾಗಿ ನಿಲ್ಲಿಸಿದ ದೊಡ್ಡ ಚೌಕಟ್ಟು. 1843ರಲ್ಲಿ ಕವಿ ಲಾಂಗ್‌ಫೆಲೋ ಮದುವೆಯಾದ ಹೊಸದರಲ್ಲಿ ಹೆಂಡತಿ ಫ್ಯಾನಿ ಜೊತೆ ಇಲ್ಲಿಗೆ ಬಂದಿದ್ದಾಗ, ಇಂಥದ್ದೇ ಸಾಲು ನೋಡಿ ಚರ್ಚಿನ ಆರ್ಗನ್ ಕೊಳವೆಗಳ ಹಾಗಿವೆ ಅಂದಳಂತೆ ಆಕೆ. ಅದರಿಂದ ಅವನು ಯುದ್ಧದ ವಿರುದ್ಧ ಒಂದು ಪದ್ಯ ಬರೆದ. ಕಾರ್ಖಾನೆಯ ಉಳಿದ ಜಾಗದಲ್ಲಿ ಈಗ ಒಂದು ಸಮುದಾಯ ಕಾಲೇಜು ಇದೆ.

2024ರಲ್ಲಿ ‘ರಹೀಮಿ’ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತನ್ನ ಪಟ್ಟನ್ನು ಸ್ವಲ್ಪ ಸಡಿಲಿಸಿತು. ಸಂಗಾತಿಗೆ ಅಪಾಯ ಒಡ್ಡುವವನೆಂದು ಕೋರ್ಟಿನ ಆದೇಶ ಇರುವವನಿಂದ ಬಂದೂಕು ಕಿತ್ತುಕೊಳ್ಳಬಹುದು, ಅದಕ್ಕೆ ಹಿಂದಿನ ಕಾನೂನಿನ ಪಡಿಯಚ್ಚೇ ಬೇಕಾಗಿಲ್ಲ ಅಂತ. ಒಂಬತ್ತರಲ್ಲಿ ಎಂಟು ನ್ಯಾಯಮೂರ್ತಿಗಳು ಒಪ್ಪಿದರು. ಮುಂದಿನ ಪ್ರಕರಣಗಳು ಸಾಲಾಗಿ ಬರುತ್ತಿವೆ. ಪ್ರತಿಯೊಂದರಲ್ಲೂ ಯಾರೋ ಎದ್ದು ನಿಂತು ಇದು ನಮ್ಮ ಪರಂಪರೆ ಅಂತಾರೆ. ಅವರ ಕಣ್ಣಿನಲ್ಲಿ ಆಗ ಇರುವುದು ಕೋಲ್ಟ್ ಹಿಡಿದ ಒಂಟಿ ಸವಾರನೋ, ಟೂಂಬ್‌ಸ್ಟೋನ್ ಪುರಸಭೆಯ ಕಾಯಿದೆಯೋ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. ನಿಮ್ಮ ಟೀಮಿನ ಅಮೆರಿಕನ್ ಗೆಳೆಯ ಯಾವತ್ತಾದರೂ ಕಾಲ್ ಮುಗಿದ ಮೇಲೆ ಈ ಹರಟೆಗೆ ಕೂತರೆ, ಯಾವ ಬಂದೂಕಿಗಾದರೂ ವೋಟು ಹಾಕಲಿ, ಆ ಮೂರು ಪ್ರಶ್ನೆ ಕೇಳಿ ನೋಡಿ. ನನ್ನ ವೋಟು ಸ್ಪ್ರಿಂಗ್‌ಫೀಲ್ಡಿಗೆ. ಮೂರಕ್ಕೂ ಅದರ ಹತ್ತಿರ ಉತ್ತರ ಇದೆ.